ಲಾಯದ ಅಂಗಳದ ನಾಯಿ ಯಾರದು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. ಹನ್ನೊಂದೇ ದಿನದಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಬದಲಿಸಿತು: ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯಾದ ಮೇಲೆ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬಿಸ್ ತಗುಲಿದ ಅಥವಾ ಮೈಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಮಾತ್ರ ಬಿಡಬಾರದು. ಪ್ರಕರಣವನ್ನು ಇಡೀ ದೇಶಕ್ಕೆ ವಿಸ್ತರಿಸಿದ್ದೂ ಅಂದೇ. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆಯಬೇಕು, ಚಿಕಿತ್ಸೆಯ ನಂತರವೂ ಅಲ್ಲಿಗೇ ತಂದು ಬಿಡಕೂಡದು.

ಒಂದೇ ವಿಷಯಕ್ಕೆ ಮೂರು ತಿಂಗಳಲ್ಲಿ ಮೂರು ಮಾತು ಕೇಳಿದ ಜನರಿಗೆ ಗೊಂದಲವಾದದ್ದು ಸಹಜ. ಆ ಗೊಂದಲದ ಒಂದು ಮೂಲೆಯ ಬಗ್ಗೆ ಹೆಚ್ಚು ಚರ್ಚೆಯಾಗಿಲ್ಲ: ಕುದುರೆ ಲಾಯಗಳು. ಅದರಲ್ಲೂ ಹತ್ತಾರು ಜನರ ಕುದುರೆಗಳನ್ನು ಒಂದೇ ಆವರಣದಲ್ಲಿ ಕಟ್ಟಿ, ತಿಂಗಳ ಶುಲ್ಕ ಪಡೆದು ನೋಡಿಕೊಳ್ಳುವ ಲಾಯಗಳು, ಮಕ್ಕಳಿಗೆ ಸವಾರಿ ಕಲಿಸುವ ರೈಡಿಂಗ್ ಸ್ಕೂಲುಗಳು. ಬೆಂಗಳೂರಿನ ಹೊರವಲಯದಲ್ಲಿ ಇಂಥವು ಕಳೆದ ಕೆಲವು ದಶಕಗಳಲ್ಲಿ ಬೆಳೆದಿವೆ. ಅವರ ಪ್ರಶ್ನೆಗಳು ನೇರವಾದವು. ನಾವೂ ಕ್ರೀಡಾ ಸಂಕೀರ್ಣವೇ? ಗೇಟಿನ ಬಳಿ ಹತ್ತು ವರ್ಷದಿಂದ ಮಲಗುತ್ತಿರುವ ನಾಯಿಯನ್ನು ಹಿಡಿಸಬೇಕೇ? ಭಾನುವಾರ ಬೆಳಿಗ್ಗೆ ಕಾರಿನಿಂದಿಳಿದು ಬೆಲ್ಟಿಲ್ಲದೆ ಓಡಾಡುವ ಸಾಕುನಾಯಿಯ ಬಗ್ಗೆ ಯಾವ ಆದೇಶ ಹೇಳುತ್ತದೆ?

ಮೂರನೆಯ ಪ್ರಶ್ನೆಗೆ ಈ ಮೂರು ಆದೇಶಗಳಲ್ಲಿ ಉತ್ತರವಿಲ್ಲ. ಲಾಯದ ಮಟ್ಟಿಗೆ ಅತಿ ಮುಖ್ಯವಾದ ಪ್ರಶ್ನೆಯೂ ಅದೇ.

ಒಂದು ಅಂಗಳ, ಮೂರು ಬಗೆಯ ನಾಯಿ

ದೂರದಿಂದ ನೋಡಿದರೆ ಲಾಯದಲ್ಲಿ ಓಡಾಡುವ ನಾಯಿಗಳೆಲ್ಲ ಒಂದೇ ಥರ ಕಾಣುತ್ತವೆ. ಕಾನೂನಿನ ಕಣ್ಣಿಗೆ ಅವು ಬೇರೆ ಬೇರೆ.

ಮೊದಲನೆಯದು ಬೇಲಿ ನುಗ್ಗಿ ಬರುವ ಬೀದಿನಾಯಿ. 2023ರಲ್ಲಿ ನಡೆದ ಎಣಿಕೆಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯೊಳಗೇ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ ಎಂದು ಅಂದಾಜಾಗಿತ್ತು. ಲಾಯಗಳು ಹೆಚ್ಚಾಗಿ ಇರುವುದು ಪಾಲಿಕೆಯ ಗಡಿಯಲ್ಲಿ ಅಥವಾ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ. ಅಲ್ಲಿ ನಾಯಿ ಹಿಡಿಯುವ ವ್ಯಾನೂ ಚಿಕಿತ್ಸಾ ಕೇಂದ್ರವೂ ಹತ್ತಿರದಲ್ಲಿ ಇರುವುದು ಅಪರೂಪ.

ಎರಡನೆಯದು ಲಾಯದ್ದೇ ಆದ ನಾಯಿ. ಯಾರೂ ಕೊಂಡು ತಂದದ್ದಲ್ಲ, ಆದರೆ ಸೈಸ್‌ಗಳ (ಕುದುರೆ ನೋಡಿಕೊಳ್ಳುವ ಕೆಲಸಗಾರರ) ಮನೆಯ ಮುದ್ದೆ ಚೂರು, ಚಪಾತಿ ತುಂಡು ತಿಂದು ಬೆಳೆದದ್ದು. ರಾತ್ರಿ ಅಪರಿಚಿತರು ಬಂದರೆ ಬೊಗಳುತ್ತದೆ, ಹಾವು ಕಂಡರೆ ಎಚ್ಚರಿಸುತ್ತದೆ. ಕುದುರೆಗಳ ಜೊತೆಗೇ ಬೆಳೆದದ್ದರಿಂದ ಅವುಗಳ ಕಾಲಿಗೆ ಅಡ್ಡ ಬರಬಾರದೆಂಬ ಅರಿವು ಅದಕ್ಕಿರುತ್ತದೆ. ಲೈಸೆನ್ಸ್ ಮಾತ್ರ ಯಾರ ಹೆಸರಿನಲ್ಲೂ ಇರುವುದಿಲ್ಲ.

ಮೂರನೆಯದು ಕುದುರೆ ಮಾಲೀಕರು, ಸವಾರರು, ಮಕ್ಕಳ ತಂದೆತಾಯಿ ಕಾರಿನಲ್ಲಿ ಕರೆತರುವ ಸಾಕುನಾಯಿ. ಫ್ಲ್ಯಾಟಿನಲ್ಲಿ ವಾರವಿಡೀ ಕೂತ ನಾಯಿಗೆ ಎಕರೆಗಟ್ಟಲೆ ಜಾಗ ಸಿಕ್ಕಿದಾಗ ಅದು ಓಡದೆ ಇರುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬೀಗಲ್‌ಗಳಿಗೆ ಮನೆಯಲ್ಲಿ ಎಷ್ಟೇ ಶಿಸ್ತು ಕಲಿಸಿದ್ದರೂ ಓಡುವ ಕುದುರೆಯನ್ನು ಮೊದಲ ಸಲ ಕಂಡಾಗ ಆ ಶಿಸ್ತು ಉಳಿಯುತ್ತದೆಂಬ ಖಾತರಿ ಇಲ್ಲ. ಆಗ ಕೇಳಿಬರುವ ಮಾತು ಒಂದೇ: ‘ನಮ್ಮ ನಾಯಿ ಏನೂ ಮಾಡಲ್ಲ.’ ಹೇಳುವವರು ಅದನ್ನು ಮನಸಾರೆ ನಂಬಿರುತ್ತಾರೆ. ಆದರೆ ಅಪಾಯ ನಾಯಿಯ ಉದ್ದೇಶದಿಂದ ಹುಟ್ಟುವುದಿಲ್ಲ; ನಾಯಿಯನ್ನು ಕುದುರೆ ಹೇಗೆ ಕಾಣುತ್ತದೆ ಎಂಬುದರಿಂದ ಹುಟ್ಟುತ್ತದೆ.

ಕುದುರೆಯ ಕಣ್ಣಿನಲ್ಲಿ ನಾಯಿ

ಕುದುರೆ ಬೇಟೆಗೆ ತುತ್ತಾಗುವ ಪ್ರಾಣಿಯಾಗಿ ವಿಕಾಸಗೊಂಡದ್ದು. ತಲೆಯ ಎರಡು ಬದಿಯ ಕಣ್ಣುಗಳಿಂದ ಅದು ಸುತ್ತಲಿನ ಸುಮಾರು 350 ಡಿಗ್ರಿಯಷ್ಟನ್ನು ನೋಡಬಲ್ಲದು. ಕಾಣದಿರುವುದು ಎರಡೇ ಜಾಗ: ಮೂಗಿನ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ನಾಯಿ ಕುದುರೆಯನ್ನು ಅಟ್ಟುವಾಗ ಸೇರಿಕೊಳ್ಳುವುದು ಆ ಹಿಂದಿನ ಕುರುಡು ಜಾಗವನ್ನೇ. ಸದ್ದು ಕೇಳುತ್ತದೆ, ರೂಪ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಕುದುರೆ ಕೇಳಿಕೊಳ್ಳುವುದು ಓಡಲೋ ಒದೆಯಲೋ ಎಂದಷ್ಟೇ. ನಾಲ್ಕೈದು ನೂರು ಕಿಲೋ ತೂಕದ ಪ್ರಾಣಿಯ ಈ ಅರೆಕ್ಷಣದ ತೀರ್ಮಾನದಿಂದ ಮುಂದಿನದೆಲ್ಲ ಉಂಟಾಗುತ್ತದೆ.

ಬಯಲಿನಲ್ಲಿದ್ದರೆ ಕುದುರೆ ಓಡಿ ಪಾರಾದೀತು. ಲಾಯದಲ್ಲಿ ಓಡಲು ಜಾಗವಿಲ್ಲ. ಮೈ ಉಜ್ಜಲೆಂದು ಕಟ್ಟಿದ ಕುದುರೆಯ ಹೊಟ್ಟೆಯಡಿಯಿಂದ ನಾಯಿಯೊಂದು ನುಸುಳಿತು ಎಂದುಕೊಳ್ಳಿ. ಕುದುರೆ ತಲೆಯೆತ್ತಿ ಹಿಂದಕ್ಕೆ ಜಗ್ಗುತ್ತದೆ. ಹಗ್ಗ ತಡೆದಾಗ ಅದರ ಭಯ ಇಮ್ಮಡಿಯಾಗುತ್ತದೆ, ಇನ್ನೂ ಜೋರಾಗಿ ಜಗ್ಗುತ್ತದೆ, ಕಾಲು ಜಾರಿ ಬೀಳುತ್ತದೆ. ಅನುಭವಸ್ಥರು ಕುದುರೆಯ ಹಗ್ಗವನ್ನು ಕಬ್ಬಿಣದ ಬಳೆಗೆ ನೇರವಾಗಿ ಬಿಗಿಯದೆ, ನಡುವೆ ಜಗ್ಗಿದರೆ ತುಂಡಾಗುವ ಸುತಳಿಯ ಕುಣಿಕೆಯೊಂದನ್ನು ಇಡುವುದು ಇದೇ ಕಾರಣಕ್ಕೆ. ಆ ಹೊತ್ತಿಗೆ ಕುದುರೆಯ ಕಾಲಬಳಿ ಕುಕ್ಕರಗಾಲಲ್ಲಿ ಕೂತು ಗೊರಸು ಕೆರೆಯುತ್ತಿರುವ ಸೈಸ್‌ಗೆ ಎದ್ದು ದೂರ ಸರಿಯಲು ಸಮಯವೇ ಸಿಗುವುದಿಲ್ಲ.

ಸವಾರಿಯ ಅಂಕಣದಲ್ಲಿ ಆಗುವುದೇ ಬೇರೆ. ಹತ್ತು ವರ್ಷದ ಮಗುವೊಂದು ರಿಕಾಪಿನಲ್ಲಿ (ಜೀನಿನಿಂದ ತೂಗುವ ಪಾದದ ಬಳೆಯಲ್ಲಿ) ಪಾದವಿಟ್ಟು ಕುದುರೆಯ ಮಧ್ಯಮ ವೇಗದ ಓಟ ಕಲಿಯುತ್ತಿದೆ. ಬೇಲಿಯ ಕೆಳಗಿನಿಂದ ನಾಯಿ ನುಗ್ಗಿ ಬೊಗಳುತ್ತದೆ. ಕುದುರೆ ಪಕ್ಕಕ್ಕೆ ಹಾರುತ್ತದೆ; ಮಗು ಇದ್ದ ದಿಕ್ಕಿನಲ್ಲೇ ಮುಂದೆ ಸಾಗಿ ನೆಲಕ್ಕೆ ಬೀಳುತ್ತದೆ. ನಾಯಿ ಕುದುರೆಯನ್ನು ಮುಟ್ಟಿಲ್ಲ, ಮಗುವನ್ನೂ ಮುಟ್ಟಿಲ್ಲ. ಕಚ್ಚಿದ ಗುರುತು ಎಲ್ಲೂ ಇಲ್ಲ. ಲಾಯಗಳ ನಾಯಿ ಸಮಸ್ಯೆ ‘ನಾಯಿ ಕಡಿತ’ದ ಯಾವ ಲೆಕ್ಕಕ್ಕೂ ಸೇರದೆ ಉಳಿಯಲು ಇದೇ ದೊಡ್ಡ ಕಾರಣ.

ಕಚ್ಚಿದರಂತೂ ಗಾಯ ಬಹುಪಾಲು ಕಾಲಿಗೇ ಆಗುತ್ತದೆ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಚರ್ಮ, ಎಲುಬು, ಸ್ನಾಯುರಜ್ಜು ಅಷ್ಟೇ. ಅಲ್ಲಿ ಇಳಿದ ಹಲ್ಲು ಸಣ್ಣ ತೂತು ಮಾಡಿದಂತೆ ಕಂಡರೂ ಸೋಂಕು ಕೀಲಿಗೋ ರಜ್ಜಿನ ಕವಚಕ್ಕೋ ಇಳಿದರೆ ಆ ಕುದುರೆ ಮತ್ತೆ ಸವಾರಿಗೆ ಬರುವುದೇ ಅನುಮಾನ. ಬೆದರಿ ಮುಳ್ಳುತಂತಿಯ ಬೇಲಿಗೆ ನುಗ್ಗಿದಾಗ ಆಗುವ ಸೀಳುಗಾಯಗಳು ಇದಕ್ಕಿಂತಲೂ ಕೆಟ್ಟವು.

ಕಣ್ಣಿಗೆ ಬೀಳದ ತೊಂದರೆಯೂ ಒಂದಿದೆ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎಂಬುದು ಅರ್ಧ ಸತ್ಯ. ಗಾಢ ನಿದ್ದೆಯ ಒಂದು ಹಂತಕ್ಕೆ ಅದು ಮಲಗಲೇಬೇಕು, ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ. ಸುರಕ್ಷಿತ ಎನಿಸದ ಜಾಗದಲ್ಲಿ ಅದು ಮಲಗುವುದಿಲ್ಲ. ರಾತ್ರಿಯೆಲ್ಲ ನಾಯಿಗಳ ಹಿಂಡು ಲಾಯದ ಸಾಲಿನಲ್ಲಿ ಕಚ್ಚಾಡುತ್ತಿದ್ದರೆ ವಾರಗಟ್ಟಲೆ ಸರಿಯಾಗಿ ಮಲಗದ ಕುದುರೆ ಹಗಲಿನಲ್ಲಿ ಸಣ್ಣ ಸದ್ದಿಗೂ ಬೆಚ್ಚುತ್ತದೆ. ಕುದುರೆ ಕೆಟ್ಟ ಸ್ವಭಾವದ್ದು ಎಂಬ ಹೆಸರು ಆಮೇಲೆ ಬರುತ್ತದೆ.

ನಾಯಿಗೆ ಲಾಯದಲ್ಲಿ ಏನು ಕೆಲಸ?

ಆಹಾರವಿಲ್ಲದ ಕಡೆ ನಾಯಿ ನಿಲ್ಲುವುದಿಲ್ಲ. ಲಾಯದಲ್ಲಿ ಹೊರಗಿನವರಿಗೆ ತೋಚದ ಆಹಾರಗಳಿವೆ. ಐದಾರು ವಾರಕ್ಕೊಮ್ಮೆ ಲಾಳ ಕಟ್ಟುವವರು ಬಂದು ಗೊರಸು ಕತ್ತರಿಸಿದಾಗ ಬೀಳುವ ಚೂರುಗಳು ನಾಯಿಗಳಿಗೆ ಬಲು ಇಷ್ಟ. ಮರಿ ಹಾಕಿಸುವ ಕಡೆ ಹೆರಿಗೆಯ ಮಾಸು ಬಿದ್ದರೆ ಅದರ ವಾಸನೆ ಮೈಲಿಯಾಚೆಯ ನಾಯಿಗಳನ್ನೂ ಎಳೆಯುತ್ತದೆ. ಓಟ್ಸ್, ಹುರುಳಿ, ಬೂಸಾ ಚೆಲ್ಲಿದಲ್ಲಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಯಿ. ಕುದುರೆ ಲದ್ದಿಯನ್ನೂ ನಾಯಿಗಳು ತಿನ್ನುತ್ತವೆ.

ಲದ್ದಿಯ ವಿಷಯ ಹೇಸಿಗೆ ಎಂದು ತಳ್ಳಿಹಾಕುವಂಥದ್ದಲ್ಲ. ಕುದುರೆಗೆ ಜಂತುಹುಳುವಿಗೆಂದು ಕೊಡುವ ಐವರ್ಮೆಕ್ಟಿನ್ ಔಷಧಿಯ ಅಂಶ ಲದ್ದಿಯಲ್ಲಿ ಹೊರಬರುತ್ತದೆ. ಬಾಯಿಗೆ ಹಾಕುವಾಗ ಪೇಸ್ಟಿನ ತುಣುಕು ನೆಲಕ್ಕೂ ಬೀಳುತ್ತದೆ. ಕೋಲಿ ಮತ್ತು ಅದಕ್ಕೆ ಹತ್ತಿರದ ತಳಿಯ ಹಲವು ನಾಯಿಗಳಲ್ಲಿ ಈ ಔಷಧಿ ಮಿದುಳಿಗೆ ಹೋಗದಂತೆ ತಡೆಯುವ ವ್ಯವಸ್ಥೆಯೇ ಹುಟ್ಟಿನಿಂದ ದುರ್ಬಲ. ಇಂಥ ನಾಯಿಗೆ ಕುದುರೆಯ ಮದ್ದು ವಿಷವಾಗುತ್ತದೆ. ಸಾಕುನಾಯಿಯನ್ನು ಲಾಯದಲ್ಲಿ ಸುಮ್ಮನೆ ಬಿಡುವವರು ತಮ್ಮ ನಾಯಿಯನ್ನೂ ಅಪಾಯಕ್ಕೆ ಒಡ್ಡುತ್ತಿದ್ದಾರೆ. ಗೊರಸಿನ ಒಂದೇ ಒದೆಗೆ ದವಡೆ ಮುರಿಯುವುದೂ ಪ್ರಾಣ ಹೋಗುವುದೂ ನಾಯಿಗೇ.

ನವೆಂಬರ್ ಆದೇಶ ಲಾಯಕ್ಕೆ ಅನ್ವಯಿಸುತ್ತದೆಯೇ?

ಆದೇಶದ ಪಟ್ಟಿಯಲ್ಲಿ ‘ಕುದುರೆ ಲಾಯ’ ಎಂಬ ಪದವಿಲ್ಲ. ‘ಕ್ರೀಡಾ ಸಂಕೀರ್ಣ’ ಎಂಬುದಿದೆ. ಸವಾರಿ ಒಲಿಂಪಿಕ್ಸಿನಲ್ಲಿರುವ ಕ್ರೀಡೆ. ಸ್ಪರ್ಧೆ ನಡೆಸುವ, ತರಬೇತಿ ಕೊಡುವ ಆವರಣವನ್ನು ಕ್ರೀಡಾ ಸಂಕೀರ್ಣ ಎಂದು ಓದಲು ಗಟ್ಟಿ ಆಧಾರವಿದೆ. ಕುದುರೆಗಳನ್ನು ಕಟ್ಟಿ ಮೇವು ಹಾಕುವ ಖಾಸಗಿ ಶೆಡ್ಡೊಂದನ್ನು ಹಾಗೆ ಕರೆಯುವುದು ಕಷ್ಟ. ಎರಡೂ ಒಂದೇ ಕಾಂಪೌಂಡಿನಲ್ಲಿದ್ದರೆ ಉತ್ತರ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಓದಿಗೆ ಬಿಟ್ಟದ್ದಾಗುತ್ತದೆ.

ಅನ್ವಯಿಸುತ್ತದೆ ಎಂದು ತೀರ್ಮಾನವಾದರೆ ಕೆಲಸ ಎರಡೂ ಕಡೆ ಬೀಳುತ್ತದೆ. ಸ್ಥಳೀಯ ಸಂಸ್ಥೆ ನಾಯಿಗಳನ್ನು ಹಿಡಿದು, ಚಿಕಿತ್ಸೆ–ಲಸಿಕೆ ಮಾಡಿಸಿ, ಆಶ್ರಯತಾಣದಲ್ಲಿ ಇಡಬೇಕು. ಕನಿಷ್ಠ ಮೂರು ತಿಂಗಳಿಗೊಮ್ಮೆ ಬಂದು ತಪಾಸಣೆ ಮಾಡಬೇಕು. ಆವರಣದ ಆಡಳಿತ ಬೇಲಿ, ಗೋಡೆ, ಗೇಟು ಭದ್ರಮಾಡಬೇಕು; ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಬೇಕು. ಬೇಲಿಗೆ ಕೊಟ್ಟ ಗಡುವು ಎಂಟು ವಾರ.

ಇಲ್ಲಿ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿಗೂ ಈ ಆದೇಶಕ್ಕೂ ನಡುವಿನ ಎಳೆದಾಟ ಎದ್ದು ಕಾಣುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಬಂದ ಆ ನಿಯಮಗಳ ಬೆನ್ನೆಲುಬೇ ‘ಹಿಡಿದ ಜಾಗಕ್ಕೇ ಬಿಡುವುದು’. ನಾಯಿ ತನ್ನ ಜಾಗವನ್ನು ಕಾಯುವ ಪ್ರಾಣಿ. ಚಿಕಿತ್ಸೆಯಾದ ನಾಯಿ ತನ್ನ ಜಾಗದಲ್ಲೇ ಇದ್ದರೆ ಹೊಸ ನಾಯಿಗಳನ್ನು ಒಳಗೆ ಬಿಡುವುದಿಲ್ಲ, ಮರಿಯನ್ನೂ ಹಾಕುವುದಿಲ್ಲ ಎಂಬುದು ಅದರ ತರ್ಕ. ನವೆಂಬರ್ ಆದೇಶ ಮಕ್ಕಳು, ರೋಗಿಗಳು, ಪ್ರಯಾಣಿಕರು ಸೇರುವ ಜಾಗಗಳ ಮಟ್ಟಿಗೆ ಈ ತರ್ಕವನ್ನು ಬದಿಗಿಟ್ಟಿತು. ಎರಡು ಕಡೆಯವರ ವಾದ 2026ರ ಜನವರಿಯಲ್ಲೂ ಕೋರ್ಟಿನ ಮುಂದೆ ಮುಂದುವರಿಯಿತು.

ಲಾಯದ ಮಟ್ಟಿಗೆ ಈ ಎರಡು ತರ್ಕಗಳಲ್ಲಿ ಯಾವುದು ಸರಿ ಎಂಬುದು ಬೇಲಿಯನ್ನು ಅವಲಂಬಿಸಿದೆ. ನಾಯಿ ನುಸುಳದ ಬೇಲಿ ಇದ್ದರೆ ಒಳಗಿನ ನಾಯಿಗಳನ್ನು ತೆಗೆದ ಮೇಲೆ ಆವರಣ ಖಾಲಿಯಾಗಿಯೇ ಉಳಿಯುತ್ತದೆ. ಲಂಟಾನ ಪೊದೆಯೂ ನಾಲ್ಕೆಳೆ ತಂತಿಯೂ ಬೇಲಿಯಾಗಿದ್ದರೆ, ಕುದುರೆಗೆ ಒಗ್ಗಿದ, ಲಸಿಕೆಯಾದ ಎರಡು ಹಳೆಯ ನಾಯಿಗಳು ಹೋದ ಜಾಗಕ್ಕೆ ಕುದುರೆಯನ್ನು ಕಂಡೇ ಇರದ ಐದಾರು ಹೊಸ ನಾಯಿಗಳು ಬರುವ ಸಾಧ್ಯತೆಯೇ ಹೆಚ್ಚು. ಬೇಲಿ ಮುಗಿಯುವ ಮೊದಲು ನಾಯಿ ಹಿಡಿಸುವುದು ಲಾಯಕ್ಕೆ ನಷ್ಟದ ದಾರಿ ಎಂಬುದು ಈ ಲೇಖಕರ ಅಭಿಪ್ರಾಯ.

ಸಾಕುನಾಯಿ: ಕಾನೂನು ನೋಡುವುದು ಮನುಷ್ಯನನ್ನು

ಈಗ ಮೂರನೆಯ ನಾಯಿಗೆ ಬರೋಣ. ಸುಪ್ರೀಂ ಕೋರ್ಟಿನ ಆದೇಶಗಳು ಬೀದಿನಾಯಿಗೆ ಸಂಬಂಧಿಸಿದವು. ಮಾಲೀಕರಿರುವ ನಾಯಿಗೆ ಬೇರೆ ಕಾನೂನು. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗುವ ಅಥವಾ ತೀವ್ರ ಗಾಯವಾಗುವ ಸಂಭವವಿದ್ದೂ ತಕ್ಕ ಎಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗೆ ಸೆರೆ, ₹5,000ದವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ಇದೇ ಅಪರಾಧಕ್ಕೆ ದಂಡ ₹1,000 ಇತ್ತು.

‘ಮನುಷ್ಯರ’ ಎಂಬ ಪದ ಮುಖ್ಯ. ಪ್ಯಾಡಕ್ಕಿನಲ್ಲಿ (ಬೇಲಿ ಹಾಕಿದ ಮೇವಿನ ಬಯಲಿನಲ್ಲಿ) ಒಂಟಿಯಾಗಿ ಮೇಯುತ್ತಿರುವ ಕುದುರೆಯನ್ನು ಸಾಕುನಾಯಿ ಅಟ್ಟಿ, ಅದರ ಕಾಲು ಮುರಿದರೆ ಈ ಕಲಂ ಅನ್ವಯಿಸುವುದಿಲ್ಲ. ಪ್ರಾಣಿಯನ್ನು ಕೊಲ್ಲುವ, ಅಂಗಹೀನ ಮಾಡುವ ಅಪರಾಧಕ್ಕೆ 325ನೇ ಕಲಂ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ ನಿಜ, ಆದರೆ ಅಲ್ಲಿ ಬೇಕೆಂದೇ ಅಥವಾ ಹಾನಿಯಾಗಬಹುದೆಂದು ಗೊತ್ತಿದ್ದೇ ಮಾಡಿದ್ದು ಎಂದು ತೋರಿಸಬೇಕು, ಅಜಾಗರೂಕತೆ ಸಾಲದು. ಹೀಗಾಗಿ ಕುದುರೆಗಷ್ಟೇ ಆದ ಹಾನಿಗೆ ಉಳಿಯುವ ದಾರಿ ಸಿವಿಲ್ ದಾವೆ. ನಾಯಿ, ಕುದುರೆಯಂಥ ಸಾಕುಪ್ರಾಣಿಗಳ ವಿಷಯದಲ್ಲಿ ಮಾಲೀಕರ ನಿರ್ಲಕ್ಷ್ಯವನ್ನೋ, ಆ ಪ್ರಾಣಿಯ ಕೆಟ್ಟ ಚಾಳಿ ಅವರಿಗೆ ಮೊದಲೇ ಗೊತ್ತಿತ್ತೆಂಬುದನ್ನೋ ಸಾಬೀತು ಮಾಡಬೇಕು. ‘ಹಿಂದೆಂದೂ ಹೀಗೆ ಮಾಡಿಲ್ಲ’ ಎಂಬ ಮಾತಿಗೆ ಆಗ ಬಲ ಬರುತ್ತದೆ. ಆದ್ದರಿಂದಲೇ ನಾಯಿ ಮೊದಲ ಸಲ ಕುದುರೆಯ ಹಿಂದೆ ಓಡಿದ ದಿನವೇ ತಾರೀಕು ಹಾಕಿ ಬರೆದಿಟ್ಟು, ಮಾಲೀಕರಿಗೆ ಲಿಖಿತವಾಗಿ ತಿಳಿಸುವುದು ಅಗತ್ಯ. ಎರಡನೆಯ ಸಲಕ್ಕೆ ಆ ಚೀಟಿಯೇ ಸಾಕ್ಷಿ.

ಒಬ್ಬರ ನಾಯಿ, ಇನ್ನೊಬ್ಬರ ಕುದುರೆ, ಮೂರನೆಯವರ ಮಗು, ನಾಲ್ಕನೆಯವರ ಜಾಗ: ಹಲವರು ಸೇರುವ ಲಾಯದ ತೊಡಕು ಇರುವುದು ಇಲ್ಲಿ. ಮಗು ಬಿದ್ದರೆ ನಾಯಿಯ ಮಾಲೀಕರು ಕುದುರೆ ಬೆದರುವ ಸ್ವಭಾವದ್ದು ಎನ್ನುತ್ತಾರೆ. ಕುದುರೆಯ ಮಾಲೀಕರು ನಾಯಿಯನ್ನು ತೋರಿಸುತ್ತಾರೆ. 291ನೇ ಕಲಂ ಕುದುರೆಗೂ ಅನ್ವಯಿಸುವುದರಿಂದ ಅವರೂ ನಿಶ್ಚಿಂತರಲ್ಲ. ಇಬ್ಬರೂ ಸೇರಿ ಲಾಯದ ಆಡಳಿತದ ಕಡೆ ಬೆರಳು ತೋರಿಸುತ್ತಾರೆ. ಆಡಳಿತ ಎಲ್ಲರಿಂದ ಸಹಿ ಹಾಕಿಸಿಕೊಂಡ ‘ಸ್ವಂತ ಹೊಣೆಯ ಮೇಲೆ ಸವಾರಿ’ ಎಂಬ ಪತ್ರ ತೋರಿಸುತ್ತದೆ. ಆದರೆ ಹಣ ಪಡೆದು ಸವಾರಿ ಕಲಿಸುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಒಂದು ಸೇವೆ. ತರಗತಿ ನಡೆಯುವಾಗ ಅಂಕಣದೊಳಗೆ ನಾಯಿ ಬರಲು ಬಿಟ್ಟದ್ದು ಸೇವಾಲೋಪ ಎಂದು ಪೋಷಕರು ಗ್ರಾಹಕ ಆಯೋಗಕ್ಕೆ ಹೋಗಬಹುದು. ಸಹಿಯ ಪತ್ರ ಆಗ ಪೂರ್ತಿ ಗುರಾಣಿಯಾಗುತ್ತದೆಂದು ನಂಬಿ ಕೂರುವಂತಿಲ್ಲ.

ಬ್ರಿಟನ್ನಿನಲ್ಲಿ ಹೇಗೆ?

ಹಲವರು ಕುದುರೆ ಕಟ್ಟುವ ಲಾಯಗಳು ಊರೂರಲ್ಲಿ ಇರುವ ಬ್ರಿಟನ್ನಿನಲ್ಲಿ ಇದು ಹಳೆಯ ಜಗಳ. ಅಲ್ಲಿನ 1953ರ ಜಾನುವಾರು ರಕ್ಷಣಾ ಕಾಯ್ದೆ ನಾಯಿ ಜಾನುವಾರನ್ನು ಅಟ್ಟುವುದನ್ನೇ ಅಪರಾಧ ಎಂದಿತು, ಜಾನುವಾರು ಎಂಬ ಪದದಲ್ಲಿ ಕುದುರೆಯನ್ನೂ ಸೇರಿಸಿತು. ಆದರೆ ಅದರಲ್ಲೂ ಎರಡು ಬಿರುಕುಗಳಿದ್ದವು. ಅದು ಕೃಷಿಭೂಮಿಗೆ ಮಾತ್ರ ಅನ್ವಯಿಸುತ್ತಿತ್ತು. ಮೇಯುವ ಹುಲ್ಲುಗಾವಲು ಕೃಷಿಭೂಮಿ, ಲಾಯದ ಅಂಗಳ ಅಲ್ಲ. ಕುರಿಗಳಿರುವ ಹೊಲದಲ್ಲಿ ನಾಯಿ ಕಟ್ಟಿಲ್ಲದೆ ಓಡಾಡಿದರೇ ಅಪರಾಧ, ಕುದುರೆಗಳಿರುವ ಹೊಲದಲ್ಲಿ ಹಾಗಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ ಮಟ್ಟಿಗೆ ಈ ಕಾಯ್ದೆಯನ್ನು 2025ರಲ್ಲಿ ತಿದ್ದಿ, ದಂಡದ ಮಿತಿ ತೆಗೆದು, ರಸ್ತೆ ಮತ್ತು ಕಾಲುದಾರಿಗಳಿಗೂ ವಿಸ್ತರಿಸಿದ್ದಾರೆ. ಸ್ಕಾಟ್ಲೆಂಡ್ 2021ರಲ್ಲೇ ದಂಡವನ್ನು 40,000 ಪೌಂಡ್‌ವರೆಗೆ, ಸೆರೆಯನ್ನು 12 ತಿಂಗಳವರೆಗೆ ಏರಿಸಿತ್ತು.

ನಮಗೆ ಹೆಚ್ಚು ಪ್ರಸ್ತುತವಾದದ್ದು ಇಂಗ್ಲೆಂಡ್ ಮತ್ತು ವೇಲ್ಸಿನ 1971ರ ಪ್ರಾಣಿ ಕಾಯ್ದೆ. ನಾಯಿ ಜಾನುವಾರನ್ನು ಕೊಂದರೆ, ಗಾಯಗೊಳಿಸಿದರೆ ನಾಯಿಯ ಒಡೆಯ ನಷ್ಟ ತುಂಬಬೇಕು. ಚಾಳಿ ಗೊತ್ತಿತ್ತೇ, ನಿರ್ಲಕ್ಷ್ಯವಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅದೇ ಕಾಯ್ದೆಯ ಇನ್ನೊಂದು ಮುಖ ಕುದುರೆಯವರಿಗೆ ಕಹಿ. ಏನನ್ನೋ ಕಂಡು ಬೆದರಿ ಬೇಲಿ ಮುರಿದು ಹೆದ್ದಾರಿಗೆ ಓಡಿದ ಕುದುರೆ ಕಾರಿಗೆ ಬಡಿದ ಪ್ರಕರಣದಲ್ಲಿ ಕುದುರೆ ಸಾಕಿದವರ ಬೇಲಿಯಲ್ಲಿ ತಪ್ಪಿರದಿದ್ದರೂ ಅವರೇ ಹೊಣೆ ಎಂದು 2003ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಬೆದರಿಸಿದ್ದು ಏನೆಂದು ಯಾರಿಗೂ ತಿಳಿದಿರಲಿಲ್ಲ. ಬೆದರಿಸಿದವರು ಸಿಗದಿದ್ದಾಗ ಭಾರ ಬೆದರಿದ ಪ್ರಾಣಿಯ ಒಡೆಯರ ಮೇಲೆ ಬೀಳುತ್ತದೆ. ಅಲ್ಲಿ ಕುದುರೆ ಮಾಲೀಕರೂ ನಾಯಿ ಮಾಲೀಕರೂ ಮೂರನೆಯವರ ನಷ್ಟಕ್ಕೆ ವಿಮೆ ಮಾಡಿಸುವುದು ರೂಢಿಯಾಗಿರುವುದಕ್ಕೆ ಇಂಥ ತೀರ್ಪುಗಳೂ ಒಂದು ಕಾರಣ.

ಲಾಯದೊಳಗಿನ ವಾದಗಳು

ನಾಯಿಯನ್ನು ಗೇಟಿನೊಳಗೇ ಬಿಡಬಾರದು ಎನ್ನುವವರ ನಿಲುವು ಸರಳ: ಪಾಲಿಸಲು ಸುಲಭ, ವಾದಕ್ಕೆ ಎಡೆಯಿಲ್ಲ. ಎದುರು ವಾದವೂ ಹಗುರವಲ್ಲ. ಸವಾರಿ ಸ್ಪರ್ಧೆಗಳಿಗೆ, ಮೆರವಣಿಗೆಗಳಿಗೆ ಹೋಗುವ ಕುದುರೆ ನಾಯಿಯನ್ನು ಕಂಡೇ ಇರದಿದ್ದರೆ ಹೊರಗೆ ಕಂಡ ದಿನ ಇನ್ನೂ ಕೆಟ್ಟದಾಗಿ ಬೆದರುತ್ತದೆ. ಮೈಸೂರು ದಸರೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಗಳನ್ನು ಕುಶಾಲತೋಪಿನ ಸದ್ದಿಗೆ ಮೊದಲೇ ಒಗ್ಗಿಸುವುದು ಇದೇ ತತ್ವದ ಮೇಲೆ. ಆದರೆ ಆ ಅಭ್ಯಾಸದಲ್ಲಿ ಸದ್ದು ಯಾವಾಗ, ಎಷ್ಟು ದೂರದಿಂದ ಎಂಬುದನ್ನು ತರಬೇತಿ ಕೊಡುವವರು ತೀರ್ಮಾನಿಸುತ್ತಾರೆ. ಕೈಯಲ್ಲಿ ಹಿಡಿದ ಬೆಲ್ಟಿನ ನಾಯಿಯನ್ನು ದೂರದಿಂದ ನಿಧಾನವಾಗಿ ಹತ್ತಿರ ತರುವುದು ಒಗ್ಗಿಸುವಿಕೆ. ಬಿಟ್ಟ ನಾಯಿ ಅಟ್ಟಿಸಿಕೊಂಡು ಬಂದರೆ ಕುದುರೆ ಕಲಿಯುವುದು ಭಯವನ್ನೇ, ನಾಯಿ ಕಲಿಯುವುದು ಅಟ್ಟುವ ಆಟವನ್ನೇ. ಒಮ್ಮೆ ರುಚಿ ಹತ್ತಿದ ನಾಯಿಗೆ ಅದನ್ನು ಮರೆಸುವುದು ಬಹಳ ಕಷ್ಟ.

ಇನ್ನು ಅನ್ನ ಹಾಕುವವರ ಪ್ರಶ್ನೆ. ಲಾಯದ ನಾಯಿಗೆ ಅನ್ನ ಹಾಕುವ ಸೈಸ್ ಕುಟುಂಬಗಳನ್ನು ದೂರುವುದು ಸುಲಭ. ಆದರೆ ರಾತ್ರಿ ಹೊತ್ತು ಅಷ್ಟು ದೊಡ್ಡ ಆವರಣದಲ್ಲಿ ಕುದುರೆಗಳ ಜೊತೆ ಉಳಿಯುವವರು ಅವರು. ಆ ನಾಯಿ ಅವರ ಕಾವಲು. ಅನ್ನ ನಿಲ್ಲಿಸಿ ಎಂದು ಬೋರ್ಡು ಹಾಕಿದರೆ ನಾಯಿ ಹಸಿದು ಮೇವಿನ ಕೋಣೆಗೆ, ಮಕ್ಕಳ ಕೈಯ ಬಿಸ್ಕತ್ತಿಗೆ ನುಗ್ಗುತ್ತದೆ. ಲಾಯದ ಸಾಲಿನಿಂದ ದೂರದ ಒಂದು ಮೂಲೆ, ಸವಾರಿ ಇಲ್ಲದ ಒಂದು ಸಮಯ, ಎರಡೋ ಮೂರೋ ನಾಯಿಗಷ್ಟೇ, ಅವಕ್ಕೆ ಸಂತಾನಹರಣ ಚಿಕಿತ್ಸೆ ಮತ್ತು ಪ್ರತಿ ವರ್ಷ ಲಸಿಕೆ: ಇಷ್ಟು ಮಾಡಿದರೆ 2023ರ ನಿಯಮಗಳ ಆಶಯಕ್ಕೂ ಒಪ್ಪುತ್ತದೆ, ಕುದುರೆಗೂ ಒಳಿತು. ಆವರಣ ಕ್ರೀಡಾ ಸಂಕೀರ್ಣದ ವ್ಯಾಖ್ಯೆಗೆ ಬಿದ್ದರೆ ಈ ದಾರಿ ಮುಚ್ಚುತ್ತದೆ. ಆಗ ಆ ನಾಯಿಗಳನ್ನು ಸಂಸ್ಥೆಯೇ ದತ್ತು ಪಡೆದು, ತನ್ನ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿ ಸಾಕುನಾಯಿಯಾಗಿ ಇಟ್ಟುಕೊಳ್ಳಬೇಕಾದೀತು. ಆ ಗಳಿಗೆಯಿಂದ 291ನೇ ಕಲಮಿನ ಹೊಣೆಯೂ ಸಂಸ್ಥೆಯದೇ.

ಯಾವ ದಾರಿ ಹಿಡಿದರೂ ನಾಯಿಗೆ ವಿಷವಿಡುವುದು, ಹೊಡೆದೋಡಿಸುವುದು ಅಪರಾಧ. ವಿಷಕ್ಕೆ ಮೇಲೆ ಹೇಳಿದ 325ನೇ ಕಲಮೇ ಬರುತ್ತದೆ. ಕುದುರೆಯ ಮೇವಿನ ಪಕ್ಕದಲ್ಲಿ ವಿಷ ಇಡುವವರು ಎಂಥ ಅಪಾಯವನ್ನು ಒಳಗೆ ತರುತ್ತಿದ್ದಾರೆಂದು ಬಿಡಿಸಿ ಹೇಳಬೇಕಿಲ್ಲ.

ಬಾಡಿಗೆ ಕರಾರಿನಲ್ಲಿ ಇರಬೇಕಾದ್ದು

ಕಾನೂನಿನ ಬಿರುಕನ್ನು ಸದ್ಯಕ್ಕೆ ತುಂಬಬಲ್ಲದ್ದು ಲಾಯ ಮತ್ತು ಕುದುರೆ ಮಾಲೀಕರ ನಡುವಿನ ಕರಾರು. ಮೇವು, ಲಾಳ, ವೈದ್ಯರ ಖರ್ಚಿನ ಬಗ್ಗೆ ಸಾಲುಗಟ್ಟಲೆ ಬರೆದುಕೊಳ್ಳುವವರು ನಾಯಿಯ ಬಗ್ಗೆಯೂ ನಾಲ್ಕು ಸಾಲು ಸೇರಿಸಬೇಕು. ತಂದ ನಾಯಿ ಯಾವಾಗಲೂ ಬೆಲ್ಟಿನಲ್ಲಿರಬೇಕು, ಬೆಲ್ಟು ಕೈಯಲ್ಲಿರಬೇಕು. ಕಂಬಕ್ಕೆ ಕಟ್ಟಿ ಸವಾರಿಗೆ ಹೋಗುವಂತಿಲ್ಲ, ಏಕೆಂದರೆ ಒಡೆಯರು ಕುದುರೆಯ ಮೇಲೆ ದೂರ ಸಾಗುವುದನ್ನು ಕಂಡ ನಾಯಿ ಕಿತ್ತುಕೊಂಡು ಓಡುವುದು ಆಗಲೇ. ಅಂಕಣ ಮತ್ತು ಲಾಯದ ಸಾಲಿನೊಳಗೆ ಪ್ರವೇಶವಿಲ್ಲ. ಲಸಿಕೆಯ ಪುಸ್ತಕದ ಪ್ರತಿ ಕಚೇರಿಯಲ್ಲಿರಬೇಕು. ನಾಯಿಯಿಂದ ಕುದುರೆಗೆ ಹಾನಿಯಾದರೆ, ಚಾಳಿ ಗೊತ್ತಿರಲಿ ಬಿಡಲಿ, ಚಿಕಿತ್ಸೆಯ ಖರ್ಚು ನಾಯಿ ತಂದವರದು. 1971ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸಿಗೆಲ್ಲ ಮಾಡಿದ್ದನ್ನು ಈ ಕೊನೆಯ ಸಾಲು ಒಂದು ಅಂಗಳದ ಮಟ್ಟಿಗೆ ಮಾಡುತ್ತದೆ. ಸಹಿ ಹಾಕಿದವರ ನಡುವೆ ನಿರ್ಲಕ್ಷ್ಯ ಸಾಬೀತು ಮಾಡುವ ಕಷ್ಟ ಹೋಗುತ್ತದೆ.

ಸಂದರ್ಶಕರ ನಾಯಿಗೆ ಈ ಕರಾರು ತಟ್ಟುವುದಿಲ್ಲ. ಅದನ್ನು ಗೇಟಿನಲ್ಲೇ ನಿಲ್ಲಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ

ರೇಬಿಸ್ ಕುದುರೆಗೂ ಬರುತ್ತದೆ. ಲಕ್ಷಣ ಕಂಡ ಮೇಲೆ ಸಾವು ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬಿಸ್ ಸಾವುಗಳಲ್ಲಿ ಸುಮಾರು ಶೇ 36 ಭಾರತದಲ್ಲೇ ಆಗುತ್ತವೆ. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು.

ಕುದುರೆಯಲ್ಲಿ ಈ ರೋಗ ಗುರುತು ಮರೆಸಿಕೊಂಡು ಬರುತ್ತದೆ. ಮೊದಲು ಹೊಟ್ಟೆನೋವಿನಂತೆ ಹೊರಳಾಡಬಹುದು. ಕುಂಟುವಂತೆ ಕಾಣಬಹುದು. ಮೇವು ನುಂಗಲಾರದೆ ಜೊಲ್ಲು ಸುರಿಸುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎನಿಸುತ್ತದೆ. ಹಾಗನಿಸಿದಾಗ ಲಾಯದಲ್ಲಿ ಮೊದಲು ಆಗುವುದೇನು? ಸೈಸ್ ಬರಿಗೈಯನ್ನು ಕುದುರೆಯ ಬಾಯೊಳಗೆ ಹಾಕಿ ನೋಡುತ್ತಾರೆ. ಮೇವು ಹಿಡಿದು, ಹಗ್ಗ ಎಳೆದು ಗೀರುಬಿದ್ದ ಆ ಕೈಗೆ ಸೋಂಕಿನ ಜೊಲ್ಲು ತಾಗುತ್ತದೆ.

ಎರಡು ತಿಂಗಳ ಹಿಂದೆ ಕತ್ತಲಲ್ಲಿ ನುಗ್ಗಿದ ನಾಯಿಯೊಂದು ಆ ಕುದುರೆಯ ಹಿಂಗಾಲಿಗೆ ಬಾಯಿ ಹಾಕಿತ್ತು ಎಂಬುದು ಆ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಇದ್ದರೂ ಅದನ್ನು ಬರೆದಿಟ್ಟ ಪುಸ್ತಕವಿರುವುದಿಲ್ಲ.

ಕುದುರೆಗೆ ಪ್ರತಿ ವರ್ಷ ರೇಬಿಸ್ ಲಸಿಕೆ ಹಾಕಿಸಬಹುದು. ದುಬಾರಿ ಕುದುರೆಯ ವಾರ್ಷಿಕ ಖರ್ಚಿನಲ್ಲಿ ಅದು ಲೆಕ್ಕಕ್ಕೆ ಬರುವ ಮೊತ್ತವೇ ಅಲ್ಲ. ಪ್ರಾಣಿಗಳ ಜೊತೆ ನಿತ್ಯ ಕೆಲಸ ಮಾಡುವವರಿಗೆ ಕಚ್ಚಿಸಿಕೊಳ್ಳುವ ಮೊದಲೇ ಹಾಕುವ ಲಸಿಕೆಯೂ ಇದೆ. ಕೆಲಸದ ವೇಳೆ ಗಾಯಗೊಂಡ ನೌಕರರಿಗೆ ಪರಿಹಾರ ಕೊಡುವುದು ಕೆಲಸ ಕೊಟ್ಟವರ ಹೊಣೆ ಎಂಬ ತತ್ವ 1923ರ ಕಾಯ್ದೆಯಿಂದಲೂ ನಮ್ಮಲ್ಲಿದೆ. ಆದರೆ ಹಲವರು ಸೇರಿ ಕುದುರೆ ಕಟ್ಟುವ ಲಾಯದಲ್ಲಿ ಸೈಸ್‌ಗೆ ಸಂಬಳ ಕೊಡುವವರು ಲಾಯದವರೋ ಕುದುರೆಯವರೋ ಎಂಬುದೇ ಎಷ್ಟೋ ಕಡೆ ಬಾಯಿಮಾತಿನಲ್ಲಿದೆ. ಮೂರು ತಿಂಗಳ ತಪಾಸಣೆಗೆ ಅಧಿಕಾರಿ ಬರಲಿ, ಬಾರದಿರಲಿ, ಲಾಯದವರೂ ಕುದುರೆಯವರೂ ಈ ವಾರವೇ ಕೂತು ಬರೆದುಕೊಳ್ಳಬೇಕಾದ ಮೊದಲ ಸಾಲು ಸೈಸ್‌ಗಳ ಲಸಿಕೆಯ ಖರ್ಚು ಯಾರದು ಎಂಬುದು.